ದೇವಾಪುರದ ಹಿತ್ತಲಿನ ಸಮುದ್ರ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಸಮುದ್ರದ ಕಥೆ ಅಂದಮೇಲೆ ಸಮುದ್ರದಿಂದಲೇ ಅಂದುಕೊಂಡು ಕೂತೆ. 'ಅಲೆಗಳು ದಡಕ್ಕೆ ಬಂದು' ಅಂತ ಬರೆಯುವಷ್ಟರಲ್ಲಿ ಚಂದ್ರಕಲಾ ಕೈ ಹಿಡಿದಳು. ಈಕೆಯೇ ನನ್ನ ಕಥಾನಾಯಕಿ. ಸುರಪುರದ ಹತ್ತಿರ ದೇವಾಪುರದವಳು, ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು.

"ನೀವು ಸಮುದ್ರ ನೋಡೀರೇನ್ರಿ?"

"ಒಮ್ಮೆ ನೋಡೇನಿ. ಕಾರವಾರದಾಗ."

"ನಾ ನೋಡಿಲ್ಲ. ನನ್ನ ಮಗಳೂ ನೋಡಿಲ್ಲ. ನಮ್ಮ ಕಥಿ ಟಬ್ಬಿನಿಂದ ಶುರು ಮಾಡ್ರಿ."

ಅಲೆಗಳನ್ನು ಡಿಲೀಟ್ ಮಾಡಿದೆ. ಈಗ ಹಿತ್ತಲಿದೆ, ಬಟ್ಟೆ ನೆನೆಹಾಕುವ ನೀಲಿ ಪ್ಲಾಸ್ಟಿಕ್ ಟಬ್ಬಿದೆ, ಅದರ ತುಂಬ ನೀರಿದೆ. ಆ ನೀರಿನಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ಹೊಸ್ತಿಲ ಮೇಲೆ, ಮೊಣಕಾಲು ತಬ್ಬಿಕೊಂಡು ಕೂತ ಹುಡುಗಿ ನಾಗಲಕ್ಷ್ಮಿ. ನಾಲ್ಕನೇ ಇಯತ್ತೆ. ಈಚೆಗೆ ಸಾಲೆಗೆ ಹೋಗುತ್ತಿಲ್ಲ.

೨

ಯಾಕೆ ಅಂದರೆ, ನೀರಿಗೆ ಬಿದ್ದಿದ್ದಳು.

(ಮೊದಲ ಡ್ರಾಫ್ಟಿನಲ್ಲಿ ಇಲ್ಲಿ ಯಾರನ್ನೋ ಮುಳುಗಿಸಿ ಸಾಯಿಸಿದ್ದೆ. ನಮ್ಮಂಥ ಕಥೆಗಾರರಿಗೆ ಸಾವು ಬಲು ಅಗ್ಗ. ಚಂದ್ರಕಲಾ ಆ ಪುಟವನ್ನು ನನ್ನ ಮುಖಕ್ಕೇ ಎಸೆದಳು. "ಯಾರೂ ಸತ್ತಿಲ್ರಿ. ಸತ್ತಿದ್ರ ಅಳಕೋತ ಕುಂಡ್ರತಿದ್ದೆ. ಕೂಸು ಬದುಕ್ಯಾಳ, ಅದಕ್ಕ ನನಗ ಕೆಲಸ ಅದ.")

ಸಾಲೆಗೆ ಹೋಗುವ ದಾರಿಯಲ್ಲಿ ಕೆನಾಲಿನ ಸೇತುವೆ, ಅಂದರೆ ಪೂಲು, ದಾಟಬೇಕು. ಸಾಲೆ ಬಿಟ್ಟು ಬರುವಾಗ ನಾಗಲಕ್ಷ್ಮಿ ಕೈ ತೊಳೆಯಲೆಂದು ಪಾವಟಿಗೆಯ ಮೆಟ್ಟಿಲಿಳಿದಳು, ಪಾಚಿಯ ಮೇಲೆ ಕಾಲು ಜಾರಿತು. ಪುಣ್ಯಕ್ಕೆ ಪಕ್ಕದ ಮನೆಯ ಮಕ್ತುಂಬಿ ಅಲ್ಲೇ ಬಟ್ಟೆ ಒಗೆಯುತ್ತಿದ್ದಳು. ಎದೆಮಟ ನೀರಿಗಿಳಿದು ಹುಡುಗಿಯ ಜಡೆಗೆ ಕೈ ಹಾಕಿ ಎಳೆದಳು. ನೀರು ಕಕ್ಕಿಸಿದರು, ಸುರಪುರದ ದವಾಖಾನೆಗೆ ಒಯ್ದರು, ಡಾಕ್ಟರು ಏನೂ ಆಗಿಲ್ಲ ಅಂದರು.

ಆದರೆ ಆಗಿತ್ತು. ತಲೆ ಮೇಲೆ ಚೊಂಬು ಎತ್ತಿದರೆ ಸಾಕು, ನಾಗಲಕ್ಷ್ಮಿ ಚೀರುತ್ತಿದ್ದಳು. ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಾಯಿತು. ಕೆನಾಲಿನ ಪೂಲು ದೂರದಲ್ಲಿ ಕಂಡರೂ ಕಾಲು ಹೂತವರ ಹಾಗೆ ನಿಂತುಬಿಡುತ್ತಿದ್ದಳು.

ಅಜ್ಜಿ ಮಲ್ಲಾಬಾಯಿ ಅಬ್ಬೆತುಮಕೂರಿನ ಮಠಕ್ಕೆ ಕರೆದೊಯ್ದು ಹಣೆಗೆ ಅಂಗಾರ ಹಚ್ಚಿಸಿಕೊಂಡು ಬಂದಳು. ಮುದುಕಿಯ ಪ್ರೀತಿಗೆ ನಾನು ನಗುವುದಿಲ್ಲ. ಅಪ್ಪ ರಾಮಲಿಂಗ ಮಾತ್ರ ಒಂದು ತೀರ್ಮಾನಕ್ಕೆ ಬಂದ. ಟಂಟಂ ಆಟೋ ಓಡಿಸುವವನು, ದಾರಿ ಕೆಟ್ಟರೆ ಬೇರೆ ದಾರಿ ಹಿಡಿಯುವವನು.

"ಯಾದಗಿರಿಗೆ ನಮ್ಮಕ್ಕನ ಮನಿಗೆ ಬಿಡ್ತೀನಿ. ಅಲ್ಲಿ ಸಾಲಿ ಮಗ್ಗಲದಾಗೇ ಅದ, ಕೆನಾಲಿಲ್ಲ ಗಿನಾಲಿಲ್ಲ."

"ನೀರಿಲ್ಲದ ಊರು ಎಲ್ಲದರೀ?" ಅಂದಳು ಚಂದ್ರಕಲಾ. "ಎಲ್ಲಿಗಂತ ಓಡಿಸ್ತೀರಿ ಅಕಿನ್ನ?"

"ಮತ್ತ ನೀ ಏನ್ ಮಾಡಾಕಿ?"

"ಈ ತಿಂಗಳ ನನಗ ಬಿಡ್ರಿ. ಆಮ್ಯಾಲ ನಿಮ್ಮಿಷ್ಟ."

ಏನು ಮಾಡುವವಳು ಅಂತ ಅವಳಿಗೂ ಗೊತ್ತಿರಲಿಲ್ಲ. (ನನಗೂ. ಅದಕ್ಕೇ ಇಲ್ಲಿ ಮೂರು ವಾರ ಕಥೆ ನಿಂತಿತ್ತು.)

೩

ಗ್ರಂಥಾಲಯಕ್ಕೆ ಬಂದ ಮಕ್ಕಳ ಪುಸ್ತಕಗಳಲ್ಲಿ ಆಳಸಮುದ್ರದ್ದೊಂದಿತ್ತು. ಅದರಲ್ಲೊಂದು ಮೀನು: ಬಾಯಿ ತುಂಬ ಸೂಜಿಯಂಥ ಹಲ್ಲು, ಹಣೆಯಿಂದ ಇಳಿಬಿಟ್ಟ ಪುಟ್ಟ ದೀಪ. ಬಿಸಿಲೇ ಮುಟ್ಟದ ಆಳದಲ್ಲಿ ತನ್ನ ಬೆಳಕು ತಾನೇ ಹೊತ್ತು ಬದುಕುವಂಥದ್ದು. ಚಂದ್ರಕಲಾ ಪುಸ್ತಕವನ್ನು ಮನೆಗೆ ಒಯ್ದು ಮಗಳ ಮುಂದೆ ತೆರೆದಿಟ್ಟು ರೊಟ್ಟಿ ಬಡಿಯಲು ಹೋದಳು.

ಸ್ವಲ್ಪ ಹೊತ್ತಿಗೆ ಹೊಸ್ತಿಲಿನಿಂದ ದನಿ ಬಂತು. "ಅವ್ವಾ, ಇದು ಖರೇನ ಅದ?"

"ಅದ."

"ಎಷ್ಟು ಕೆಳಗ?"

"ನಮ್ಮ ಮನಿಯಿಂದ ಊರ ಹೊರಗಿನ ಹೊಲ ಎಷ್ಟು ದೂರ ಅದ? ಆ ದಾರಿನ ನೆಟ್ಟಗ ಕೆಳಗ ಇಳಿಸು. ಅಷ್ಟು."

ಮರುದಿನದಿಂದ ಹಿತ್ತಲಲ್ಲಿ ಸಮುದ್ರದ ಕೆಲಸ ಶುರುವಾಯಿತು. ಚಂದ್ರಕಲಾ ಬಾಟಲಿಗೆ ಮೇಲೆ, ನಡುವೆ, ಕೆಳಗೆ ತೂತು ಹೊಡೆದು ನೀರು ತುಂಬಿದಳು. ಕೆಳಗಿನ ತೂತಿನ ನೀರು ಎಲ್ಲಕ್ಕಿಂತ ಜೋರಾಗಿ ಚಿಮ್ಮಿತು. ಆಳಕ್ಕಿಳಿದಷ್ಟೂ ಮೇಲಿನ ನೀರಿನ ಭಾರ ಹೆಚ್ಚು, ಅದಕ್ಕೇ ಆಳಕ್ಕಿಳಿಯುವ ಹಡಗಿಗೆ ಅಷ್ಟು ದಪ್ಪ ಗೋಡೆ ಅಂತ ಹೇಳಿಕೊಟ್ಟಳು. ಪೆನ್ನಿನ ಕ್ಯಾಪಿಗೆ ಕಣಕದ ಉಂಡೆ ಮೆತ್ತಿ, ನೀರು ತುಂಬಿದ ಬಾಟಲಿಗೆ ಬಿಟ್ಟು ಮುಚ್ಚಳ ಹಾಕಿದಳು. ಬಾಟಲಿ ಹಿಚುಕಿದರೆ ಕ್ಯಾಪು ಮುಳುಗುತ್ತದೆ, ಕೈ ಸಡಿಲಿಸಿದರೆ ಮೇಲೇಳುತ್ತದೆ. ಮಕ್ತುಂಬಿಯ ಮಗಳು ಅಲ್ಮಾಸ ಅದನ್ನು ಹಿಚುಕಿ ಹಿಚುಕಿ ಕುಣಿದಳು. ನಾಗಲಕ್ಷ್ಮಿ ಹೊಸ್ತಿಲು ಬಿಟ್ಟು ಬಂದು ಬಾಟಲಿ ಕಸಿದುಕೊಂಡಳು. ನೀರು ಬಾಟಲಿಯ ಒಳಗಿತ್ತು, ಹುಡುಗಿ ಹೊರಗಿದ್ದಳು; ಆದರೂ ಅದು ಅಷ್ಟು ದಿನಗಳಲ್ಲಿ ಅವಳು ನೀರನ್ನು ಕೈಯಲ್ಲಿ ಹಿಡಿದ ಮೊದಲ ಸಲ. ಚಂದ್ರಕಲಾ ಕಂಡೂ ಕಾಣದವಳ ಹಾಗೆ ಕಸ ಹೊಡೆದಳು.

ಒಂದು ಮಧ್ಯಾಹ್ನ ಹೊರಸಿನ ಮೇಲೆ ಕೌದಿ ಹೊದಿಸಿ ಕತ್ತಲು ಮಾಡಿದರು. ಒಂದು ಕೌದಿಗೆ ಮಸುಕು, ಎರಡಕ್ಕೆ ಸಂಜೆ, ಮೂರಕ್ಕೆ ಕಡುಗತ್ತಲು. ಬಿಸಿಲು ನೀರಿನಲ್ಲಿ ಹೀಗೇ ಸೋತು ಸೋತು ಕೊನೆಗೆ ಇಲ್ಲವಾಗುತ್ತದೆ. ಆ ಕತ್ತಲೆಯೊಳಗಿಂದ ತಲೆಗೆ ಟಾರ್ಚ್ ಕಟ್ಟಿಕೊಂಡ ಮೀನೊಂದು ತೆವಳಿ ಬಂತು.

"ನನ್ನ ಹಲ್ಲು ನೋಡ್ರೇ ಹುಡುಗೀರೇ!" ಅಂದಿತು ಮೀನು. ಮಲ್ಲಾಬಾಯಿಗೆ ಇದ್ದದ್ದೇ ಎರಡು ಹಲ್ಲು.

(ಇಲ್ಲಿಗೆ ಕಥೆ ಮುಗಿಸಿದ್ದರೆ ಎಷ್ಟು ಚಂದ! ಮಕ್ಕಳ ನಗು, ಅಜ್ಜಿಯ ಮೀನು. ಸಂಪಾದಕರು ಮೆಚ್ಚುತ್ತಿದ್ದರು.)

೪

ಆದರೆ ಚಂದ್ರಕಲಾ ಅವಸರ ಮಾಡಿದಳು. ತಿಂಗಳು ಮುಗಿಯುತ್ತ ಬಂದಿತ್ತು, ರಾಮಲಿಂಗ ಅಕ್ಕನಿಗೆ ಫೋನು ಮಾಡಿದ್ದ. ಮಗಳು ನಗುತ್ತಿದ್ದ ಒಂದು ಗಳಿಗೆ ನೋಡಿ, "ಬಾ, ಟಬ್ಬಿನಾಗ ಒಮ್ಮಿ ಮುಖ ಇಡು, ನಾ ಹಿಡಕೊಂಡಿರ್ತೀನಿ" ಅಂತ ಕತ್ತಿನ ಹಿಂದೆ ಕೈ ಇಟ್ಟಳು.

ನಾಗಲಕ್ಷ್ಮಿ ಅವ್ವನ ಕೈ ಕಚ್ಚಿದಳು. ಟಬ್ಬು ಉರುಳಿತು. ಒಳಗೆ ಓಡಿ ಕೌದಿಯಡಿ ಸೇರಿದವಳು ಅವತ್ತು ಊಟಕ್ಕೂ ಏಳಲಿಲ್ಲ, ಮರುದಿನ ಮಾತೂ ಆಡಲಿಲ್ಲ. ರಾಮಲಿಂಗ ಏನೂ ಬೈಯಲಿಲ್ಲ, ಗೋಡೆಯ ಮೇಲಿನ ಬ್ಯಾಗು ಇಳಿಸಿ ಧೂಳು ಝಾಡಿಸಿದ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಚಂದ್ರಕಲಾಗೆ.

ನಾನು ಹೇಳಿದೆ: "ಚಂದ್ರಕಲಾ, ಬಿಟ್ಟುಬಿಡೋಣ. ಸೋತ ತಾಯಿಯ ಕಥೆಯೂ ಒಳ್ಳೆಯ ಕಥೆಯೇ."

"ನಿಮಗ ಕಥಿ ಆಗ್ತದ," ಅಂದಳು, ಹಲ್ಲಿನ ಗುರುತಿಗೆ ಅರಿಶಿಣ ಹಚ್ಚಿಕೊಳ್ಳುತ್ತ. "ನನಗ ಮಗಳು ಅದಾಳ. ನೀವು ಸುಮ್ನ ಬರಕೋತ ಕುಂಡ್ರಿ."

ಟಬ್ಬು ಎತ್ತಿ ನಿಲ್ಲಿಸಿ ಮತ್ತೆ ನೀರು ತುಂಬಿದಳು. ಮಗಳನ್ನು ಕರೆಯಲಿಲ್ಲ.

೫

ಕೌದಿಯೊಳಗಿಂದ ಮಾತು ಬಂದದ್ದು ಮೂರನೇ ದಿನ ಬೆಳಿಗ್ಗೆ.

"ಅವ್ವಾ, ಆ ದೀಪದ ಮೀನು ಮ್ಯಾಲ ಬಂದ್ರ ಅದಕ್ಕ ಅಂಜಿಕಿ ಆಗ್ತದೇನ?"

"ಗೊತ್ತಿಲ್ಲವ್ವ. ಆಗಬಹುದು."

"ಅದಕ್ಕ ಮ್ಯಾಲ ಯಾವುದು, ಕೆಳಗ ಯಾವುದು ಗೊತ್ತಿರ್ತದ?"

ಚಂದ್ರಕಲಾ ಕೆಲಸ ಬಿಟ್ಟು ಹೊರಸಿನ ಪಕ್ಕ ನೆಲಕ್ಕೆ ಕೂತಳು. "ಯಾಕ ಕೇಳ್ತಿ?"

ಕೌದಿಯ ಅಂಚು ಒಳಕ್ಕೆ ಸರಿಯಿತು. ಆಮೇಲೆ ಕೌದಿ ಮಾತಾಡಿತು. "ನನಗ ಗೊತ್ತಾಗಲಿಲ್ಲ. ಕಣ್ಣು ತೆರದಿದ್ದೆ. ಎಲ್ಲಾ ಕೆಂಪು ರಾಡಿ. ಮ್ಯಾಲ ಯಾ ಕಡಿ ಅಂತ ತಿಳೀಲಿಲ್ಲ. ನಾ ಕೆಳಗ ಈಸಿದೆ ಅವ್ವಾ. ಕೈಗೆ ಮಣ್ಣು ಬಂತು."

ಇಷ್ಟು ದಿನ ಚಂದ್ರಕಲಾ ನೀರಿನ ಭಯ ಬಿಡಿಸಲು ಹೊರಟಿದ್ದಳು; ಮಗಳಿಗಿದ್ದದ್ದು ನೀರಿನ ಭಯವಲ್ಲ, ದಿಕ್ಕು ತಪ್ಪಿದ ಭಯ. ಅತ್ತರೆ ಮಗಳ ಮಾತು ನಿಂತೀತು ಅಂತ ಅಳಲಿಲ್ಲ. ಪುಸ್ತಕದಲ್ಲಿ ಮುಳುಗುಗಾರರ ಪುಟವೊಂದಿತ್ತು. ಅದನ್ನು ನೆನೆದು ಮಗಳನ್ನು ಹಿತ್ತಲಿಗೆ ಕರೆದಳು, ಈ ಸಲ ಹೊಸ್ತಿಲವರೆಗೆ ಮಾತ್ರ. ಪಪ್ಪಾಯಿ ಎಲೆಯ ದಂಟನ್ನು ಕೊಳವೆ ಮಾಡಿ ಟಬ್ಬಿನಲ್ಲಿಟ್ಟು ಊದಿದಳು. ಗುಳ್ಳೆಗಳು ಎದ್ದವು. ದಂಟು ಓರೆ ಮಾಡಿದಳು, ಬಗ್ಗಿಸಿದಳು.

"ಹೆಂಗರ ಊದು, ಗುಳ್ಳಿ ಮ್ಯಾಲಕ್ಕ ಹೋಗ್ತದ. ಕತ್ತಲಾಗಲಿ, ರಾಡಿಯಾಗಲಿ, ಅದಕ್ಕ ದಾರಿ ತಪ್ಪಂಗಿಲ್ಲ. ಮುಳುಗುಗಾರರು ದಿಕ್ಕು ತಪ್ಪಿದ್ರ ಒಂದೀಟು ಉಸರು ಬಿಡ್ತಾರ. ಅದು ಹೋದ ಕಡಿ ಮ್ಯಾಲ."

ನಾಗಲಕ್ಷ್ಮಿ ಎದ್ದು ಬಂದಳು. ದಂಟು ಇಸಿದುಕೊಂಡು ಊದಿದಳು. ಇನ್ನೊಮ್ಮೆ ಊದಿದಳು. "ಖರೇನ?" ಅಂತ ಕೇಳಿ, ಉತ್ತರಕ್ಕೂ ಕಾಯದೆ, "ಅಲ್ಮಾಸ, ನನ್ನ ಜಡಿ ಹಿಡಕೋ. ಗಟ್ಟಿ" ಅಂದಳು. ಗುಳ್ಳೆ ನೋಡಲು ಬಂದು ನಿಂತಿದ್ದ ಅಲ್ಮಾಸ ಎರಡೂ ಕೈಯಲ್ಲಿ ಹಿಡಿದಳು. ನಾಗಲಕ್ಷ್ಮಿ ಟಬ್ಬಿಗೆ ಬಾಗಿ ಕಣ್ಣು ತೆರೆದೇ ಮುಖ ಮುಳುಗಿಸಿದಳು.

ಅದೇ ಹೊತ್ತಿಗೆ ರಾಮಲಿಂಗ ಹಿತ್ತಲಿಗೆ ಬಂದ. (ಇದು ನನ್ನ ಕಿತಾಪತಿ ಅಲ್ಲ, ಅವನು ನಿಜವಾಗಿಯೂ ಬಂದ.) ಕಂಡದ್ದು ನೀರಿನಲ್ಲಿ ಮಗಳ ತಲೆ. ಓಡಿ ಬಂದು ಎತ್ತಿಬಿಟ್ಟ.

"ಬಿಡಪ್ಪಾ! ಗುಳ್ಳಿ ನೋಡಾಕತ್ತಿದ್ದೆ!" ಅಂತ ಮಗಳು ಮೂಗಿನಿಂದ ನೀರು ಸೋರಿಸುತ್ತ ಅವನ ಎದೆಗೆ ಗುದ್ದಿದಳು. ಮತ್ತೆ ಬಾಗಿದಳು.

ರಾಮಲಿಂಗ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತ. "ನನಗ ಈಸಾಕ ಬರಂಗಿಲ್ಲ, ಚಂದ್ರಿ," ಅಂದ ಮೆಲ್ಲಗೆ. "ಅವತ್ತು ನಾ ಅಲ್ಲಿದ್ರೂ ದಂಡಿ ಮ್ಯಾಲ ನಿಂತು ಒದರತಿದ್ದೆ, ಅಷ್ಟ."

"ಕಲೀರಿ," ಅಂದಳು ಚಂದ್ರಕಲಾ. "ಟಬ್ಬು ಅದ."

೬

ಈಗ ಮುಕ್ತಾಯ. ನನ್ನ ಹತ್ತಿರ ಎರಡಿವೆ.

ಮೊದಲನೆಯದು: ನಾಗಲಕ್ಷ್ಮಿ ಪೂಲು ದಾಟಿ ಸಾಲೆಗೆ ಹೋಗುತ್ತಾಳೆ, ದೊಡ್ಡವಳಾಗಿ ಸಮುದ್ರದ ತಳಕ್ಕಿಳಿಯುತ್ತಾಳೆ, ಟಿವಿಯವರು ದೇವಾಪುರಕ್ಕೆ ಬರುತ್ತಾರೆ. ಚಂದ್ರಕಲಾ ನಕ್ಕಳು. "ಮೊದಲ ನಾಲ್ಕನೇತ್ತಾ ಪಾಸಾಗಲಿ ಬಿಡ್ರಿ."

ಎರಡನೆಯದು: ಯಾದಗಿರಿಗೇ ಹೋಗುತ್ತಾಳೆ, ಅಲ್ಲಿ ಯಾರೋ ಈಜು ಕಲಿಸುತ್ತಾರೆ. ಇದಕ್ಕೆ ಚಂದ್ರಕಲಾ ಟಬ್ಬಿನ ನೀರು ಬದಲಿಸಲು ಎದ್ದು ಹೋದಳು.

ಆದದ್ದನ್ನಷ್ಟೇ ಹೇಳುತ್ತೇನೆ. ಸೋಮವಾರ ಬೆಳಿಗ್ಗೆ ಅವ್ವ ಮಗಳು ಸಾಲೆಯ ಚೀಲದೊಂದಿಗೆ ಕೆನಾಲಿಗೆ ಬಂದರು. ಪೂಲಿನ ಮೊದಲಿಗೆ ನಾಗಲಕ್ಷ್ಮಿ ನಿಂತಳು. ಚಂದ್ರಕಲಾ ಕರೆಯಲಿಲ್ಲ, ನೂಕಲೂ ಇಲ್ಲ. ಅವಳೂ ನಿಂತಳು. ಸೈಕಲ್ಲುಗಳು ಹೋದವು, ಕುರಿಗಳು ಹೋದವು. ಹುಡುಗಿ ಒಂದೊಂದೇ ಹೆಜ್ಜೆಯಿಟ್ಟು ಪೂಲಿನ ನಡುವಿಗೆ ಬಂದು, ಕಟ್ಟೆಗೆ ಹೊಟ್ಟೆ ಒತ್ತಿ ಕೆಳಗೆ ನೋಡಿದಳು. ಅವ್ವ ಹಿಂದಿನಿಂದ ಲಂಗ ಹಿಡಿದುಕೊಂಡಳು.

"ಎಷ್ಟು ಆಳ ಅದ ಅವ್ವಾ ಇದು?"

"ನನಗೇನ್ ಗೊತ್ತು. ಅಳದು ನೋಡು."

ಚೀಲದ ಕಂಪಾಸ್ ಡಬ್ಬಿಯಿಂದ ದಾರದ ಉಂಡೆ ಬಂತು, ದಾರದ ತುದಿಗೆ ರಬ್ಬರು ಕಟ್ಟಿದ್ದಾಯಿತು. ಇಳಿಸಿದರೆ ಹರಿಯುವ ನೀರು ಅದನ್ನು ತಳಕ್ಕೆ ಬಿಡದೆ ಓರೆಯಾಗಿ ಎಳೆದುಕೊಂಡು ಹೋಯಿತು. ನಾಗಲಕ್ಷ್ಮಿ ಹುಬ್ಬು ಗಂಟಿಕ್ಕಿದಳು. ಆಚೆ ಸಾಲೆಯ ಗಂಟೆ ಹೊಡೆಯಿತು. ಅವಳಿಗೆ ಕೇಳಿಸಿತೋ ಇಲ್ಲವೋ.

"ಇದು ಹಗುರ ಆತು. ಕಲ್ಲು ಬೇಕು!" ಅಂದವಳೇ ದಾರವನ್ನು ಅವ್ವನ ಕೈಗೆ ಕೊಟ್ಟು ಓಡಿದಳು.

ಸಾಲೆಯ ಕಡೆಯೋ ಮನೆಯ ಕಡೆಯೋ, ಯಾವ ಕಡೆ ಓಡಿದಳು ಅಂತ ನನ್ನನ್ನು ಕೇಳಬೇಡಿ, ನಾನು ಹೇಳುವುದಿಲ್ಲ. ಕಲ್ಲು ಎರಡೂ ದಂಡೆಗೆ ಬಿದ್ದಿವೆ.