ಸೋಮವಾರದ ಪುಡಿ

ಶ್ರಾವಣದ ಸೋಮವಾರ ಶಿವಯೋಗಪ್ಪನವರ ಮನೆಯ ಹೆಂಗಸರು ಸಂಜೆ ಪೂಜೆ ಮುಗಿಯುವ ತನಕ ಅನ್ನದ ಅಗುಳು ಮುಟ್ಟುವುದಿಲ್ಲ. ಮಧ್ಯಾಹ್ನ ಒಂದು ಲೋಟ ಹಾಲು, ಅಷ್ಟೇ. ಗಂಡಸರ ವಿಷಯ ಕೇಳಬೇಡಿ. ಅವರಿಗೆ ದಾವಣಗೆರೆ ಪೇಟೆಯಲ್ಲಿ ಅಂಗಡಿ ಇದೆ, ಅಂಗಡಿ ಪಕ್ಕದಲ್ಲೇ ಮಿರ್ಚಿ ಮಂಡಕ್ಕಿ ಇದೆ. ಮಗಳು ರೂಪಶ್ರೀ ಮಾತ್ರ ಆರನೇ ಕ್ಲಾಸಿನಿಂದ ತಾಯಿಯ ಜೊತೆ ಈ ಉಪವಾಸ ಹಿಡಿದಿದ್ದಳು. ಆ ವರ್ಷ ಅವಳಿಗೆ ಟೈಫಾಯ್ಡ್ ಆಗಿ, ಡಾಕ್ಟರೇ ಕೈಚೆಲ್ಲಿ ಕೂತಾಗ, ತಾಯಿ ಉಮಾಮಹೇಶ್ವರಿ ಉಕ್ಕಡಗಾತ್ರಿಗೆ ಹೋಗಿ ಕರಿಬಸವೇಶ್ವರನ ಮುಂದೆ ಸೆರಗೊಡ್ಡಿ ಬೇಡಿಕೊಂಡಿದ್ದರು. ಮಗಳು ಉಳಿದರೆ ಅವಳ ಮದುವೆಯಾಗುವ ತನಕ ಶ್ರಾವಣದ ಸೋಮವಾರ ಅವಳ ಕೈಯಲ್ಲೂ ಉಪವಾಸ ಮಾಡಿಸುತ್ತೇನೆ ಎಂದು ಹರಕೆ ಹೊತ್ತಿದ್ದರು. ಮಗಳು ಉಳಿದಳು. ಉಳಿದವಳು ಸುಮ್ಮನಿರದೆ ಟೆನಿಸ್ ರ‍್ಯಾಕೆಟ್ ಹಿಡಿದಳು.

ದಾವಣಗೆರೆ ಹೊಸ ಜಿಲ್ಲೆಯಾಗಿ ಒಂದು ವರ್ಷವಾಗಿತ್ತು. ರಾಜ್ಯ ಮಟ್ಟದ ಜೂನಿಯರ್ ಪಂದ್ಯಾವಳಿಗೆ ಜಿಲ್ಲೆಯಿಂದ ಒಬ್ಬ ಹುಡುಗಿಯನ್ನು ಕಳಿಸಬೇಕು, ಒಬ್ಬಳನ್ನು ಮಾತ್ರ. ರೂಪಶ್ರೀಗೆ ಹದಿನಾರು ತುಂಬಿತ್ತು. ಮುಂದಿನ ವರ್ಷ ಪಿಯುಸಿ ಪರೀಕ್ಷೆ ಎಂದು ರ‍್ಯಾಕೆಟ್ಟನ್ನು ಅಟ್ಟಕ್ಕೇರಿಸುವುದಾಗಿ ಅಪ್ಪ ಆಗಲೇ ಹೇಳಿಯಾಗಿತ್ತು. ಹೋದರೆ ಈ ವರ್ಷ, ಇಲ್ಲದಿದ್ದರೆ ಇಲ್ಲ. ಆಯ್ಕೆ ಪಂದ್ಯಗಳು ನಡೆಯುತ್ತಿದ್ದುದು ಹರಿಹರದ ಒಂದು ಕಾರ್ಖಾನೆ ಕಾಲೊನಿಯ ಕೋರ್ಟಿನಲ್ಲಿ. ಆ ಕಾರ್ಖಾನೆಗೆ ವಾರದ ರಜೆ ಸೋಮವಾರ, ಹಾಗಾಗಿ ಕೋರ್ಟು ಸಿಗುವುದೂ ಸೋಮವಾರವೇ. ಶ್ರಾವಣ ಆಗಲೇ ಬಂದು ಕೂತಿತ್ತು.

ಉಪವಾಸದಲ್ಲಿ ಮಗಳು ಓಡುವುದು ಹೇಗೆ ಎಂಬ ಚಿಂತೆಗೆ ದಾರಿ ತೋರಿಸಿದವನು ಸಂತೋಷ. ಶಿವಯೋಗಪ್ಪನವರ ತಮ್ಮನ ಮಗ, ಮೆಡಿಕಲ್ ಶಾಪ್ ಇಟ್ಟು ಎರಡೇ ವರ್ಷವಾಗಿದ್ದರೂ ಊರಿಗೆಲ್ಲ ಡಾಕ್ಟರ್ ಆಗಿದ್ದ ಹುಡುಗ. ಅವನು ಒಂದು ದೊಡ್ಡ ಡಬ್ಬಿ ತಂದು ಮೇಜಿನ ಮೇಲಿಟ್ಟ. ಡಬ್ಬಿಯ ಮೇಲೆ ಅಂಗಿಯಿಲ್ಲದ ಗಂಡಸೊಬ್ಬ ತೋಳು ಉಬ್ಬಿಸಿ ನಿಂತಿದ್ದ.

"ದೊಡ್ಡವ್ವ, ಇದು ಪವರ್ ಪುಡಿ. ಬೆಂಗಳೂರಾಗೆ ಆಟಗಾರರೆಲ್ಲ ಇದನ್ನೇ ಕುಡಿಯೋದು."

"ಮೊಟ್ಟೆಗಿಟ್ಟೆ ಐತೇನೋ ಇದ್ರಾಗೆ?"

"ಇಲ್ಲವ್ವ. ಮೆಡಿಕಲ್ ಶಾಪಿನ ಮಾಲು ಅಂದ್ಮೇಲೆ ಔಷಧಿನೇ."

ಔಷಧಿ ಎಂದ ಮೇಲೆ ಮುಗಿಯಿತು. ಔಷಧಿಗೆ ಯಾವ ಉಪವಾಸವೂ ಅಡ್ಡ ಬರುವುದಿಲ್ಲ. ಉಮಾಮಹೇಶ್ವರಿ ಪ್ರತಿ ಸೋಮವಾರ ನಸುಕಿನಲ್ಲಿ ಸ್ನಾನ ಮಾಡಿ, ವಿಭೂತಿ ಧರಿಸಿ, ಆ ಪುಡಿಯನ್ನು ಬಿಸಿ ಹಾಲಿಗೆ ಕಲಸಿ ಮಗಳಿಗೆ ಕೊಡತೊಡಗಿದರು. ಡಬ್ಬಿಯ ಮೇಲೆ ಎರಡು ಚಮಚ ಎಂದಿತ್ತು. ಖಾಲಿ ಹೊಟ್ಟೆ ಎಂದು ಅವರು ಆರು ಹಾಕಿದರು. ತಾಯಿಯ ಕೈಗೆ ಅಳತೆ ಎಲ್ಲಿಯದು!

ಮೊದಲ ಎರಡು ಸೋಮವಾರ ಎದುರಾಳಿಗಳು ಸುಮಾರಿನವರು, ಬೇಗ ಮುಗಿಯಿತು. ಮೂರನೆಯ ಸೋಮವಾರ ಸ್ವಾತಿ ಎದುರಾದಳು. ಅದೇ ಕಾರ್ಖಾನೆಯ ಕೆಲಸಗಾರನ ಮಗಳು, ದಣಿವು ಅಂದರೇನು ಎಂದು ಕೇಳುವ ಜಾತಿಯವಳು. ಆಟ ಮೂರನೇ ಸೆಟ್ಟಿಗೆ ಹೋಯಿತು. ರೂಪಶ್ರೀಯ ಹೊಟ್ಟೆಯಲ್ಲಿ ಆರು ಚಮಚ ಪುಡಿ ಕಲ್ಲಿನ ಹಾಗೆ ಕೂತಿತ್ತು. ಕಾಲಿನ ಮೀನಖಂಡ ಹಿಡಿದುಕೊಂಡಿತು. ನಾಲ್ಕು-ನಾಲ್ಕರಲ್ಲಿ ಅವಳು ಬೇಲಿಯ ಪಕ್ಕ ಬಗ್ಗಿ ವಾಂತಿ ಮಾಡಿದಳು, ಆಮೇಲೆ ಸೋತಳು. ಸ್ವಾತಿಯೂ ಮೊದಲೊಂದು ಪಂದ್ಯ ಸೋತಿದ್ದು, ಒಟ್ಟು ಗೆಲುವಿನಲ್ಲಿ ಇಬ್ಬರೂ ಸಮ ಆದ್ದರಿಂದ ಮುಂದಿನ ಸೋಮವಾರ ಇಬ್ಬರಿಗೇ ಮತ್ತೊಂದು ಪಂದ್ಯ ಎಂದು ಗೊತ್ತಾಯಿತು. ಗೆದ್ದವಳು ಹೋಗುತ್ತಾಳೆ.

ಮನೆಯಲ್ಲಿ ತೀರ್ಮಾನ ಬೇರೆಯೇ ಆಯಿತು. ಪುಡಿ ಸಾಲಲಿಲ್ಲ! ಸಂತೋಷ ಈಗ ಹಳದಿ ಮಾತ್ರೆಯ ಪಟ್ಟಿಯನ್ನೂ ತಂದ. ಗುರುವಾರ ಪ್ರಾಕ್ಟೀಸಿಗೆ ಮುಂಚೆ ರೂಪಶ್ರೀ ಒಂದು ನುಂಗಿದಳು. ಅರ್ಧ ಗಂಟೆಯಲ್ಲಿ ಎದೆ ಡವಡವ ಎನ್ನತೊಡಗಿತು, ಹೊಡೆದ ಸರ್ವ್‌ಗಳೆಲ್ಲ ಬೇಲಿ ದಾಟಿದವು. ಕೋಚ್ ಜಂಬಯ್ಯ ಬಾಲುಗಳನ್ನು ಆರಿಸಿಕೊಂಡು ಹತ್ತಿರ ಬಂದರು.

"ಏನ್ ತಿಂದು ಬಂದೀಯವ್ವ?"

ಅವಳು ಎಲ್ಲ ಹೇಳಿದಳು, ಉಪವಾಸವನ್ನೂ ಸೇರಿಸಿ. ಜಂಬಯ್ಯನವರಿಗೆ ಸಿಟ್ಟು ನೆತ್ತಿಗೇರಿತು.

"ಆ ಮಾತ್ರೆ ಇವತ್ತೇ ಬಿಸಾಕು. ಮೂರು ಸೆಟ್ ಓಡೋ ಹುಡುಗಿಗೆ ಮೊದ್ಲು ಊಟ ಬೇಕು. ಪುಡಿ ಗಿಡಿ ಎಲ್ಲ ಆಮ್ಯಾಲೆ. ನಿಮ್ಮ ಅಮ್ಮಗೆ ನಾನು ಬಂದು ಹೇಳ್ಲಾ?"

"ಬ್ಯಾಡ್ರಿ ಸರ್. ನಾನೇ ಹೇಳ್ತೀನಿ."

ಹೇಳಲು ಶುಕ್ರವಾರ ಬಾಯಿ ಬರಲಿಲ್ಲ. ಶನಿವಾರವೂ ಬರಲಿಲ್ಲ. ಭಾನುವಾರ ಅವಳು ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿದಳು. ಓದಿದ ಮೇಲೆ ಧೈರ್ಯ ಬಂತು. ಧೈರ್ಯದ ಜೊತೆ ಭಯವೂ ಬಂತು.

ಸೋಮವಾರ ಬೆಳಿಗ್ಗೆ ಐದು ಗಂಟೆಗೆ ಆ ಮನೆಯಲ್ಲಿ ಕುಕ್ಕರ್ ಕೂಗಿತು. ಉಮಾಮಹೇಶ್ವರಿ ಬಚ್ಚಲಿನಿಂದ ಒದ್ದೆ ಕೂದಲಲ್ಲೇ ಓಡಿ ಬಂದರು.

"ಯಾರಿಗೇ ಅನ್ನ?"

"ನನಗೆ. ಉಂಡು ಹೋಗ್ತೀನಿ."

"ಹುಚ್ಚು ಹಿಡಿದೈತೇನು? ಹರಕಿ ಅದು! ನಿನ್ನ ಜೀವದ ಮ್ಯಾಲೆ ಹೊತ್ತ ಹರಕಿ!"

"ಅದು ಮುರಿದು ಮೂರು ವಾರ ಆತಮ್ಮ. ಆ ಪುಡಿ ಔಷಧಿ ಅಲ್ಲ. ಔಷಧಿಯಾಗಿ ಬಳಸಬ್ಯಾಡ್ರಿ ಅಂತ ಡಬ್ಬಿ ಮ್ಯಾಲೇ ಬರ್ದೈತೆ. ಅದ್ರಾಗಿರೋದು ಗೋಧಿ, ಸೋಯಾ ಹಿಟ್ಟು. ಮೂರು ಸೋಮವಾರ ನೀನೇ ಕಲಸಿ ಕುಡಿಸಿದಿ. ನಾನು ಸತ್ನಾ?"

ಹೇಳಬಾರದಿತ್ತು. ಹೇಳಿದ ಕ್ಷಣವೇ ಅವಳಿಗೆ ಗೊತ್ತಾಯಿತು. ತಾಯಿ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕೂತರು. ಜ್ವರದಲ್ಲಿ ಬೆಂದುಹೋಗಿದ್ದ ಹತ್ತು ವರ್ಷದ ಮಗುವೇ ಅವರ ಕಣ್ಣ ಮುಂದೆ ಇದ್ದಿರಬೇಕು. ರೂಪಶ್ರೀಗೆ ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ತಬ್ಬಿಕೊಂಡರೆ ಅನ್ನ ಬಿಡಬೇಕಾಗುತ್ತದೆ ಎಂದೂ ಗೊತ್ತಿತ್ತು. ಅವಳು ಕಣ್ಣೀರು ಸುರಿಸುತ್ತಲೇ ಮೊಸರನ್ನ ಕಲಸಿ, ತುತ್ತು ತುತ್ತಾಗಿ, ತಟ್ಟೆ ಖಾಲಿಯಾಗುವ ತನಕ ಉಂಡಳು.

ತಾಯಿ ಎದ್ದು ಸೆರಗಿನಿಂದ ಮುಖ ಒರೆಸಿಕೊಂಡರು.

"ಆತು. ನಿನ್ನ ಪಾಲಿಂದೂ ನಾನೇ ಹಿಡೀತೀನಿ. ಇವತ್ತು ಹನಿ ನೀರೂ ಮುಟ್ಟಲ್ಲ. ನಡಿ, ನಾನೂ ಬರ್ತೀನಿ."

ಹರಿಹರದಲ್ಲಿ ಹತ್ತು ಗಂಟೆಗೇ ಮೋಡ ಸರಿದು ಬಿಸಿಲು ಚುರುಗುಟ್ಟಿತು. ಉಮಾಮಹೇಶ್ವರಿ ನೆರಳಿನ ಕುರ್ಚಿ ಬೇಡವೆಂದು, ಮಗಳ ಬೆಂಚಿನ ಹಿಂದೆಯೇ ಕೈಯಲ್ಲಿ ಜಪಮಾಲೆ ಹಿಡಿದು ಕೂತರು. ಮೊದಲ ಸೆಟ್ ಸ್ವಾತಿಯದು, ಎರಡನೆಯದು ರೂಪಶ್ರೀಯದು. ಮೂರನೇ ಸೆಟ್ಟಿಗೆ ಕಾಲು ಎಲ್ಲಿ ಹಿಡಿಯುತ್ತದೋ ಎಂದು ಕಾದಳು, ಹಿಡಿಯಲಿಲ್ಲ. ಸ್ವಾತಿ ಮೂಲೆಗೆ ಹೊಡೆದ ಬಾಲಿಗೆಲ್ಲ ಓಡಿದಳು, ಓಡಿ ಮುಟ್ಟಿದಳು. ಐದು-ನಾಲ್ಕು ಆಯಿತು. ಸರ್ವಿಸ್ ಅವಳದು. ಒಂದು ಗೇಮ್ ಗೆದ್ದರೆ ಮುಗಿಯಿತು.

ಬದಿ ಬದಲಿಸುವಾಗ ತಾಯಿಯನ್ನು ನೋಡಿದಳು. ತುಟಿ ಬಿಳಿಚಿತ್ತು. ಜಪಮಾಲೆ ಬೆರಳಿನಿಂದ ಜಾರಿ ಮಡಿಲಿಗೆ ಬಿದ್ದಿತ್ತು, ಅವರಿಗೆ ಅದರ ಗಮನವೇ ಇರಲಿಲ್ಲ. ತಲೆ ಒಂದು ಕಡೆ ವಾಲುತ್ತಿತ್ತು. ರೂಪಶ್ರೀ ಬೆಂಚಿನ ಮೇಲಿದ್ದ ತನ್ನ ನಿಂಬೆ ಸಕ್ಕರೆ ನೀರಿನ ಫ್ಲಾಸ್ಕ್ ತೆಗೆದುಕೊಂಡು ಅವರ ಮುಂದೆ ಮಂಡಿಯೂರಿದಳು.

"ಕುಡಿಯಮ್ಮ."

"ಬ್ಯಾಡ. ನೀನು ಹೋಗಿ ಆಡು."

"ನೀನು ಕುಡಿಯೋ ತನಕ ನಾನು ಹೋಗಲ್ಲ."

"ಟೈಮ್" ಎಂದರು ಅಂಪೈರ್. ಅವಳು ಕದಲಲಿಲ್ಲ. ಎಚ್ಚರಿಕೆ ಕೊಟ್ಟರು. ಕದಲಲಿಲ್ಲ. "ಪಾಯಿಂಟ್ ಹೋಗ್ತೈತೆ ರೂಪಾ!" ಎಂದು ಜಂಬಯ್ಯ ಬೇಲಿಯಾಚೆಯಿಂದ ಕೂಗಿದರು. ಪಾಯಿಂಟ್ ಹೋಯಿತು. ಸೊನ್ನೆ-ಹದಿನೈದು.

"ಹೋಗೇ," ಎಂದು ತಾಯಿ ಗೋಗರೆದರು. "ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

"ನಿನಗೇನಾದ್ರೂ ಆದ್ರೆ ನಾನೇನು ಮಾಡ್ಲಿ?"

ಉಮಾಮಹೇಶ್ವರಿ ಮಗಳ ಮುಖವನ್ನೇ ನೋಡಿದರು. ಬಾಯಿ ತೆರೆದರು. ಒಂದು ಗುಟುಕು ಒಳಗಿಳಿಯಿತು. ರೂಪಶ್ರೀ ಫ್ಲಾಸ್ಕನ್ನು ಅವರ ಕೈಗೇ ಕೊಟ್ಟು ಬೇಸ್‌ಲೈನಿಗೆ ಓಡಿದಳು.

ಆ ಗೇಮ್ ಮುಗಿಯುವಷ್ಟರಲ್ಲಿ ಮೂರು ಸಲ ಡ್ಯೂಸ್ ಆಗಿ ಇಬ್ಬರೂ ಸಮಕ್ಕೆ ಬಂದರು. ಸ್ವಾತಿ ಹೊಡೆದ ಕೊನೆಯ ಬಾಲು ನೆಟ್ಟಿಗೆ ಬಡಿದು ಅವಳ ಕಡೆಯಲ್ಲೇ ಬಿದ್ದು ಪಂದ್ಯ ಕೈಸೇರಿದಾಗಲೂ ರೂಪಶ್ರೀ ಕೈ ಎತ್ತಲಿಲ್ಲ, ಕೂಗಲಿಲ್ಲ. ಸ್ವಾತಿಯ ಕೈ ಕುಲುಕಿ ನೇರ ಬೆಂಚಿನ ಕಡೆಗೆ ಬಂದಳು. ತಾಯಿ ಎರಡೂ ಕೈಯಲ್ಲಿ ಫ್ಲಾಸ್ಕ್ ಹಿಡಿದು ನೆಟ್ಟಗೆ ಕೂತಿದ್ದರು. ಬಾಯಾರಿದ ಮಗಳು ಅದನ್ನು ಇಸಿದುಕೊಂಡು ತಲೆಕೆಳಗು ಮಾಡಿದಳು. ಒಳಗೆ ಒಂದು ಹನಿಯೂ ಇರಲಿಲ್ಲ.