ಒಂದು ಲೋಟ ನೀರು

ಚರ್ಚಿನವರೆಲ್ಲ ಅವಳನ್ನು ಗಿಣಿ ಎನ್ನುತ್ತಿದ್ದರು. ಯುದ್ಧ ಶುರುವಾದ ಮೇಲೆ ದೊಡ್ಡಮ್ಮನ ಬೆನ್ನು ಹತ್ತಿ ಅವಳೂ ಸೈನಿಕರ ಆಸ್ಪತ್ರೆಯ ಸೇವೆಗೆ ಬಂದಿದ್ದಳು. ಆಸ್ಪತ್ರೆ ಎಂದರೆ ಒಂದು ಶಾಲೆ. ಕರಿಹಲಗೆಯ ಮೇಲೆ ಅರ್ಧಕ್ಕೆ ಬಿಟ್ಟ ಭಾಗಾಕಾರ, ಕೆಳಗೆ ಸಾಲು ಮಂಚ. ದೊಡ್ಡಮ್ಮ ಪ್ರಾರ್ಥನೆ ಮಾಡಿಸುತ್ತಿದ್ದರು, ಗಿಣಿ ಚಹಾ ಬಿಸ್ಕತ್ತು ಹಂಚುತ್ತಿದ್ದಳು.

"ಈ ಬಿಸ್ಕತ್ತನ್ನ ಆ ಕಡೆಯವ್ರ ಮೇಲೆ ಎಸೀರಮ್ಮ, ಇವತ್ತೇ ಶರಣಾಗ್ತಾರೆ," ಎಂದ ಕಾಲು ಮುರಿದವನೊಬ್ಬ.

"ಹಲ್ಲು ಗಟ್ಟಿ ಇದ್ರೆ ತಿನ್ನಣ್ಣ, ಇಲ್ಲಾಂದ್ರೆ ಚಹಾದಲ್ಲಿ ಮುಳುಗಿಸು!"

ಆಪರೇಷನ್ನಿಗೆ ಕಾದವರಿಗೆ ಮಾತ್ರ ಏನೂ ಕೊಡುವಂತಿರಲಿಲ್ಲ. ತುಟಿಗೆ ಒದ್ದೆ ಹತ್ತಿ, ಅಷ್ಟೇ. ನರ್ಸಮ್ಮ ಮೊದಲ ದಿನವೇ ತಲೆಗೆ ಮೊಳೆ ಹೊಡೆದಂತೆ ಹೇಳಿದ್ದರು.

ಕಿಟಕಿ ಪಕ್ಕ ಮಲಗಿದ್ದವನು ಸೈನ್ಯದ ಲಾರಿ ಡ್ರೈವರ್. ಹೊಟ್ಟೆಗೆ ಗುಂಡು ಬಿದ್ದಿತ್ತು, ಮುಂದಿನ ಸರದಿ ಅವನದೇ. "ತಂಗಿ, ಒಂದೇ ಗುಟುಕು," ಎಂದು ಗೋಗರೆದ. ಹತ್ತಿ ಇಟ್ಟರೆ ಹತ್ತಿಯನ್ನೇ ಚೀಪಿದ. ಗಿಣಿಯ ಕರುಳು ಚುರ್ ಎಂದಿತು. ಬಾಯಾರಿದವನಲ್ಲಿ ಯೇಸುವನ್ನು ಕಾಣಬೇಕೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು. ನಿಯಮ ಮನುಷ್ಯರದು, ನೀರು ದೇವರದು ಎಂದುಕೊಂಡು ಲೋಟ ಹಿಡಿದೇಬಿಟ್ಟಳು.

ಅವನು ಗಟಗಟ ಕುಡಿದ. "ನಿಮ್ ದೇವ್ರು ಒಳ್ಳೆಯವ್ನು ಕಣಮ್ಮ."

ಅವಳ ಎದೆ ಹಿಗ್ಗಿತು.

ಅಷ್ಟರಲ್ಲಿ ಸ್ಟ್ರೆಚರ್ ಬಂತು. ನರ್ಸಮ್ಮ ಅವನ ಒದ್ದೆ ಗಲ್ಲ ನೋಡಿದರು, ಲೋಟ ನೋಡಿದರು.

"ಯಾರು ಕೊಟ್ಟಿದ್ದು?"

"ನಾನೇ... ಒಂದೇ ಲೋಟ..."

ನರ್ಸಮ್ಮ ಅವಳನ್ನು ಬಾಗಿಲಿಗೆ ಎಳೆದೊಯ್ದರು. "ಈಗ ಮಂಪರಿನ ಔಷಧಿ ಕೊಟ್ರೆ ವಾಂತಿ ಬಂದು ಉಸಿರು ಕಟ್ಟುತ್ತೆ. ಡಾಕ್ಟರ್ ಮುಟ್ಟಲ್ಲ. ಇನ್ನು ಇವನದು ಕೊನೇ ಸರದಿ. ಅಲ್ಲೀವರೆಗೂ ತಡೆಯೋ ಗಾಯ ಅಲ್ಲ ಅದು."

ಸ್ಟ್ರೆಚರ್ ಪಕ್ಕದ ಮಂಚದವನನ್ನು ಎತ್ತಿಕೊಂಡು ಹೋಯಿತು.

"ನಾವು ಪ್ರಾರ್ಥನೆ ಮಾಡ್ತೀವಿ," ಎಂದರು ದೊಡ್ಡಮ್ಮ.

"ಮಾಡಿ. ಬೇರೆ ಏನು ಮಾಡೋಕಾಗುತ್ತೆ?"

ದೊಡ್ಡಮ್ಮ ಮಂಡಿಯೂರಿದರು. ಬಿಸಿಲು ಇಳಿಯುವ ಹೊತ್ತಿಗೆ ಡ್ರೈವರನ ಬೆರಳುಗಳು ತಣ್ಣಗಾಗುತ್ತ ಬಂದಿದ್ದವು.

"ನನ್ನ ಕರೀಲೇ ಇಲ್ವಲ್ಲ ತಂಗಿ. ಮರೆತ್ರಾ?" ಎಂದ ಅವನು, ಅರೆಗಣ್ಣು ತೆರೆದು.

"ನಾನು ನೀರು ಕೊಡಬಾರ್ದಿತ್ತಣ್ಣ. ಅದಕ್ಕೇ ನಿನ್ನ..."

"ಛೆ, ಇಲ್ಲಿ ಕರುಳಿರೋಳು ನೀನೊಬ್ಳೇ," ಎಂದ ಅವನು. ಅವಳ ಮಾತು ಅವನ ಕಿವಿಗೆ ಬಿದ್ದಂತಿರಲಿಲ್ಲ. "ಇನ್ನೊಂದು ಗುಟುಕು ಕೊಡ್ತೀಯಾ?"

ಗಿಣಿ ತಿರುಗಿ ನೋಡಿದಳು. ನರ್ಸಮ್ಮ ಅವನ ನಾಡಿ ಹಿಡಿದು, ಮೆಲ್ಲಗೆ ಕೈ ಬಿಟ್ಟರು.

"ಕೊಡಮ್ಮ. ಇನ್ನು ಎಷ್ಟು ಬೇಕಾದ್ರೂ ಕೊಡು."

ನೀರು ಗಂಟಲಿಗೆ ಇಳಿಯದೆ ಕೆನ್ನೆಯ ಮೇಲೆ ಹರಿಯಿತು. ಅವಳು ಒರೆಸಿ, ಮತ್ತೆ ಲೋಟ ಹಿಡಿದಳು.