ಕಾಫಿ ಅಂಗಡಿಯ ಅಪ್ಪ

ಕ್ರೇನಿನ ನೆರಳು ಕಪ್ಪುಹಲಗೆಯ ಮೇಲೆ ಹಾದುಹೋಯಿತು, ಗಣಿತದ ಮೇಡಂ ಬರೆದ ಲೆಕ್ಕವನ್ನು ಅರ್ಧ ನುಂಗಿ ಮತ್ತೆ ಉಗುಳಿತು, ಕಿಟಕಿಯಾಚೆ ಇನ್ನೊಂದು ಅಪಾರ್ಟ್‌ಮೆಂಟು ಏಳುತ್ತಿದೆ, ಕಾಸಾಬ್ಲಾಂಕಾ ಊರಿಗೆ ಊರೇ ಇತ್ತ ನುಗ್ಗುತ್ತಿದೆ, ಬೆಂಚಿಗೆ ಮೂವರು, ಇಕ್ರಾಮಳ ಮೊಣಕೈ ಪಕ್ಕದವಳ ಪಕ್ಕೆಗೆ — ಆಚೆ ಸರಿಯೇ ಸ್ವಲ್ಪ, ಎಲ್ಲಿಗೆ ಸರೀಲಿ ಮಾರಾಯ್ತಿ, ಗೋಡೆ ಒಡೀಲಾ — ಮತ್ತೆ ತರಗತಿಗೆ ಸೇರಿಸಿಕೊಂಡರಲ್ಲ, ಕೆಲಸ ಆಯಿತಲ್ಲ, ಮತ್ತೇಕೆ ಪೆನ್ನು ಒಂದೇ ಅಂಕಿಯನ್ನು ತಿದ್ದುತ್ತಿದೆ. ಗೆಳತಿಯರ ಜೊತೆ ಸಮುದ್ರಕ್ಕೆ ಹೋಗಬಾರದಿತ್ತು. ಹೋದದ್ದಾದರೂ ಹೋಗಲಿ, ಶಾಲೆ ತಪ್ಪಿಸಿದವರು ಅಪ್ಪನನ್ನು ಕರೆತರದೆ ಒಳಗೆ ಕಾಲಿಡುವಂತಿಲ್ಲ ಎಂದು ಮೇಲ್ವಿಚಾರಕ ಸಿ ಬನ್ನಾನಿ ಅಂದಾಗ ಮನೆಗೆ ಹೋಗಿ ಹೇಳಬಹುದಿತ್ತು, ಅಪ್ಪ ಬಯ್ಯುತ್ತಿದ್ದ, ಬಯ್ದರೆ ಮೈಯೇನು ಸವೆಯುತ್ತಿತ್ತೇ, ಆದರೆ ಅಪ್ಪ ಬರುವುದೆಂದರೆ ಆ ಕಂದು ನಿಲುವಂಗಿ, ಆ ರಬ್ಬರ್ ಬೂಟು, ಆ ಕುರಿವಾಸನೆ, ಈ ಕಟ್ಟಡಗಳು ಏಳುವ ಮೊದಲು ಇಲ್ಲೆಲ್ಲ ಅಪ್ಪನ ಕುರಿ ಮೇಯುತ್ತಿದ್ದವು, ಈಗ ಶಾಲೆಯ ಗೋಡೆಯ ಬುಡದಲ್ಲಿ ಮೇಯುತ್ತವೆ, ಹುಡುಗಿಯರು ಮೂಗು ಮುಚ್ಚಿಕೊಂಡು, ಯಾರದೇ ಇವು, ಥೂ, ಅನ್ನುವಾಗ ಯಾರದೋ ಏನೋ ಎಂದವಳು ಇವಳೇ, ನಮ್ಮಪ್ಪ ಬಂದರಿನ ಆಫೀಸಿನಲ್ಲಿದ್ದಾರೆ ಎಂದವಳೂ ಇವಳೇ.

ಹಾಗಾಗಿ ಕಾಫಿ ಅಂಗಡಿಯಲ್ಲಿ ದಿನವಿಡೀ ಕೂರುವ ಮಿಲೂದನನ್ನು ಹಿಡಿದಳು — ಶಾಲೆಯ ಅರ್ಧ ಮಕ್ಕಳಿಗೆ ಅವನೇ ಅಪ್ಪ, ಒಂದು ಕಾಫಿ ಕುಡಿಸಿದರೆ ಸಾಕು, ಕುರ್ಚಿಯ ಬೆನ್ನಿಗೆ ನೇತಾಡುವ ಕೋಟು ಏರಿಸಿ ಹೊರಟನೆಂದರೆ ಹೆತ್ತವರೂ ನಾಚಬೇಕು, ಈ ವರ್ಷ ಬಂದ ಸಿ ಬನ್ನಾನಿಗೆ ಯಾವ ಅಪ್ಪನೂ ಗೊತ್ತಿಲ್ಲ. ಬೆಳಗ್ಗೆ ಮಿಲೂದ್ ಅವರ ಎದುರು ಕಾಲ ಮೇಲೆ ಕಾಲು ಹಾಕಿ, ಇವರಮ್ಮ ಮುದ್ದು ಮಾಡಿ ಕೆಡಿಸಿದ್ದು ಸಾರ್, ನಾನು ಆಫೀಸಿಗೆ ಹೋದರೆ ಬರೋದೇ ರಾತ್ರಿ, ಅನ್ನುತ್ತಿದ್ದ, ಅವಳು ತಲೆ ತಗ್ಗಿಸಿ ನಗು ತಡೆಯುತ್ತಿದ್ದಳು, ಆಗ ಬಾಗಿಲಲ್ಲಿ ಅಪ್ಪ. ಗೇಟಿನವನು ಹೇಳಿರಬೇಕು, ಅಪ್ಪನ ಜೊತೆ ಚಹಾ ಕುಡಿಯುವವನು, ನಿನ್ನ ಮಗಳಿಗೆ ಅಪ್ಪನ್ನ ಕರ್ಕೊಂಡು ಬಾ ಅಂದಿದಾರೆ ಕಣೋ ಬೂಷ್ತಾ, ಅಂತ. ಶುಕ್ರವಾರದ ನಮಾಜಿಗೆ ತೊಡುವ ಬಿಳಿ ನಿಲುವಂಗಿ, ಹಳದಿ ಚಪ್ಪಲಿ, ಸೋಪಿನ ಘಮ, ಕುರಿವಾಸನೆ ಇಲ್ಲವೇ ಇಲ್ಲ. ಯಾರಪ್ಪ ನೀನು, ಏನು ಬೇಕು, ಅಂದರು ಸಿ ಬನ್ನಾನಿ. ಅಪ್ಪ ಅವಳನ್ನು ನೋಡಿದ, ಕೋಟನ್ನು ನೋಡಿದ, ಮಿಲೂದ್ ಅವಳ ಬೆನ್ನು ತಟ್ಟಿ, ನನ್ನ ಮಗಳು ಇನ್ನು ಹಾಗೆ ಮಾಡಲ್ಲ ಬಿಡಿ ಸಾರ್, ಅಂದದ್ದೂ ಆಗಲೇ, ಹೇಳು, ಇವನೇ ನಮ್ಮಪ್ಪ ಅಂತ ಹೇಳು, ಎಂದುಕೊಂಡವಳು ಆ ಹಳದಿ ಚಪ್ಪಲಿಯನ್ನೇ ನೋಡುತ್ತಿದ್ದಳು — ಏನಿಲ್ಲ ಸ್ವಾಮಿ, ಕುರಿ ಒಂದು ಒಳಗೆ ನುಗ್ಗಿತೇನೋ ಅಂತ ನೋಡೋಕೆ ಬಂದೆ, ಅಂದ ಅಪ್ಪ. ಒಂದಲ್ಲ ಮಾರಾಯ, ಎರಡು ಸಾವಿರ ಇವೆ ಇಲ್ಲಿ, ಹುಡುಕ್ಕೋ, ಸಿ ಬನ್ನಾನಿ ನಕ್ಕರು, ಮಿಲೂದ್ ನಕ್ಕ, ಅವಳೂ. ನಕ್ಕಳು. ತುಟಿ ತಾನಾಗಿ ಬಿಚ್ಚಿತು ಎಂದರೆ ಯಾರು ನಂಬುತ್ತಾರೆ.

ಅಪ್ಪ ತಕ್ಷಣ ಹೋಗಲಿಲ್ಲ, ಎದೆಯ ಮೇಲೆ ಕೈಯಿಟ್ಟು ಮಿಲೂದನ ಕಡೆಗೆ ತುಸು ಬಾಗಿ, ನಿಮ್ಮ ಮಗಳಾ, ಚೆನ್ನಾಗಿ ಓದ್ತಾಳಾ, ಎಂದು ಕೇಳಿದ, ಏನೋ ಪರವಾಗಿಲ್ಲ, ಅಂದ ಆ ಭೂಪ, ದೇವರು ಒಳ್ಳೇದು ಮಾಡಲಿ, ಅಂದ ಅಪ್ಪ, ಕೈ ಎದೆಯ ಮೇಲೇ ಇತ್ತು. ಸಂಜೆ ಮನೆಗೆ ಹೋಗಬೇಕು, ಅವನೇನೂ ಕೇಳುವುದಿಲ್ಲ, ಕೇಳದೇ ಇರುತ್ತಾನಲ್ಲ, ಅದನ್ನೇ ತಡೆಯಲಾಗದು, ರೊಟ್ಟಿ ಮುರಿದು ಅವಳ ಕಡೆಗೆ ತಳ್ಳುತ್ತಾನೆ, ತಿನ್ನು ಮಗಳೇ — ಮಗಳೇ ಅನ್ನುತ್ತಾನೋ, ಇನ್ನು ಬರೀ ಹೆಸರು ಹಿಡಿದು ಕರೆಯುತ್ತಾನೋ — ಇಕ್ರಾಮ್, ಎದ್ದು ಹೇಳು, ಉತ್ತರ ಎಷ್ಟು ಬಂತು, ಮೇಡಂ ಕೇಳುತ್ತಿದ್ದಾರೆ, ಏಳಬೇಕು, ಎದ್ದವಳು ಹಾಗೇ ಬಾಗಿಲು ದಾಟಿ ಗೋಡೆಯಾಚೆಗೆ ಓಡಬಹುದು, ಅಪ್ಪಾ ಎಂದು ಕೂಗಬಹುದು, ಇಡೀ ಶಾಲೆ ಕಿಟಕಿಗೆ ಬರುತ್ತದೆ, ಬರಲಿ, ಎದ್ದಳು, ಕಾಲು ಕದಲಲಿಲ್ಲ, ಎದೆಯ ಮೇಲೆ ಕೈ, ಅವಳು ನಕ್ಕದ್ದು ಕಂಡ ಮೇಲೂ ಆ ಕೈ, ಗೊತ್ತಿಲ್ಲ ಮೇಡಂ, ಅಂದಳು, ಕೂತಳು, ನಿಲುವಂಗಿಯ ಬಿಳಿ ತೋಳು, ಕುರಿವಾಸನೆ ಹೋಗಲೆಂದು ಕೈ ತಿಕ್ಕಿ ತೊಳೆದು ಬಂದಿದ್ದ, ತೋಳಿನ ಅಂಚು ಇನ್ನೂ ಒದ್ದೆ, ಎದೆಯ ಮೇಲೆ ಕೈ